ಪಟ್ಟಿ ಬೇರೆ, ರ‍್ಯಾಂಕ್ ಬೇರೆ

ಚಂದಾಪುರದಿಂದ ಮಾತಾಡ್ತಿದೀನಿ. ನಡುವೆ ಹೊಸೂರು ರಸ್ತೆಯ ಹಾರನ್ ಕೇಳಿಸಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಮೊನ್ನೆ ಇಲ್ಲೇ ಅಂಗಡಿಯಲ್ಲಿ ‘ಮಿಲೆಟ್ ಮಿಕ್ಸ್’ ಅಂತ ಒಂದು ಪ್ಯಾಕೆಟ್ ತಗೊಂಡೆ. ಹಿಂದೆ ತಿರುಗಿಸಿದ್ರೆ ಸಣ್ಣಕ್ಷರದಲ್ಲಿ ನವಣೆ, ಸಾಮೆ, ಹಾರಕ, ಸಜ್ಜೆ. ಜೋರಾಗಿ ಓದಿದೆ. ಯಾಕೋ ಖುಷಿಯಾಯ್ತು. ಮುಂದಿನ ದೊಡ್ಡಕ್ಷರಕ್ಕಿಂತ ಹಿಂದಿನ ಪಟ್ಟಿನೇ ರುಚಿಯಾಗಿತ್ತು!

ಪಟ್ಟಿಯ ಮೋಹ ಹಳೇದು. ಹೋಮರನ ‘ಇಲಿಯಡ್’ನಲ್ಲಿ ಟ್ರಾಯ್‌ಗೆ ಬಂದ ಹಡಗುಗಳ ಉದ್ದನೆಯ ಪಟ್ಟಿಯೇ ಇದೆ. ಇಟಲಿಯ ಲೇಖಕ ಉಂಬರ್ಟೋ ಎಕೋ 2009ರಲ್ಲಿ ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂ ಜೊತೆ ಸೇರಿ, ಬರೀ ಪಟ್ಟಿಗಳ ಬಗ್ಗೆನೇ ಪ್ರದರ್ಶನ ಮಾಡಿದ್ರು. ಆದ್ರೆ ನನ್ನ ಫೇವರಿಟ್ ಪಟ್ಟಿ ಇರೋದು 16ನೇ ಶತಮಾನದ ನಮ್ಮ ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ.

ಲಂಕೆಯಿಂದ ವಾಪಸ್ ಬರೋ ರಾಮನಿಗೆ ಮುನಿಗಳ ಆಶ್ರಮದಲ್ಲಿ ಊಟ. ಧಾನ್ಯಗಳಲ್ಲಿ ಯಾವುದು ಮೇಲು ಅನ್ನೋ ಮಾತು ಬರುತ್ತೆ. ಕೆಲವರು ಗೋಧಿ ಅಂತಾರೆ, ಕೆಲವರು ಸಾಮೆ. ನವಣೆ, ಕಂಬು ಅಂದ್ರೆ ಸಜ್ಜೆ, ಜೋಳ, ಹಾರಕ, ನೆಲ್ಲು, ರಾಗಿ. ಇಲ್ಲಿವರೆಗೆ ಎಲ್ಲಕ್ಕೂ ಒಂದೊಂದು ಸೀಟು, ಎಲ್ಲಕ್ಕೂ ಒಬ್ಬೊಬ್ಬ ಅಭಿಮಾನಿ. ಆಗ ರಾಮ ‘ಒಂದೇ ಹೆಸರು ಹೇಳಿ’ ಅಂತಾನೆ. ಗೌತಮ ಮುನಿ ರಾಗಿ ಅಂತಾನೆ. ಅಷ್ಟೇ, ಭತ್ತಕ್ಕೆ ಸಿಟ್ಟು ನೆತ್ತಿಗೇರುತ್ತೆ. ರಾಗಿಯ ಕುಲ ಎತ್ತಿ ಬೈಯುತ್ತೆ. ರಾಗಿಯೂ ಸುಮ್ಮನಿರಲ್ಲ. ಕೊನೆಗೆ ಇಬ್ಬರಿಗೂ ಆರು ತಿಂಗಳು ಸೆರೆ. ಭತ್ತ ಸೊರಗುತ್ತೆ, ರಾಗಿ ಗಟ್ಟಿಯಾಗೇ ಇರುತ್ತೆ, ರಾಮನ ಹೆಸರನ್ನೇ ಪಡೆಯುತ್ತೆ.

ರಾಗಿ ಗೆದ್ದಿದ್ದು ನನಗೂ ಖುಷಿನೇ. ಕೆಳಗಿದ್ದವರನ್ನ ಮೇಲೆ ಕೂರಿಸಿದ ಕಥೆ ಅದು. ಆದ್ರೆ ಗಮನಿಸಿ: ಪಟ್ಟಿ ಇದ್ದಾಗ ಜಗಳ ಇರಲಿಲ್ಲ, ರ‍್ಯಾಂಕ್ ಕೇಳಿದಾಗ ಶುರುವಾಯ್ತು. ನಮ್ಮ ಮೊಬೈಲ್ ತುಂಬ ‘ಟಾಪ್ 5’, ‘ಟಾಪ್ 10’. ನಾವು ಅದನ್ನೇ ಪಟ್ಟಿ ಅನ್ಕೊಂಡಿದೀವಿ.

ಪಟ್ಟಿಗೆ ಇನ್ನೊಂದು ಶತ್ರು ಇದೆ. ಬಿ.ಕಾಂ.ನಲ್ಲಿ ಲೆಕ್ಕ ಬರೆಯುವಾಗ ಚಿಲ್ಲರೆ ಖರ್ಚನ್ನೆಲ್ಲ ‘ಇತರೆ’ಗೆ ಹಾಕ್ತಿದ್ವಿ. ‘ಇತರೆ’ಗೆ ಹೋದದ್ದರ ಹೆಸರು ಆಮೇಲೆ ಯಾರೂ ಕೇಳಲ್ಲ. 2023ನ್ನ ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಘೋಷಿಸಿತು, ಒಳ್ಳೇದಾಯ್ತು. ಆದ್ರೆ ನಮ್ಮ ಬಾಯಲ್ಲಿ ಉಳಿದಿದ್ದು ‘ಮಿಲೆಟ್’ ಒಂದೇ. ಅದೂ ಒಂಥರಾ ‘ಇತರೆ’ನೇ. ಹಾರಕ ಯಾವುದು, ಸಾಮೆ ಯಾವುದು ಅಂತ ಕೈಗೆ ಕೊಟ್ರೆ ನನಗೂ ಗೊತ್ತಾಗಲ್ಲ.

ಇವತ್ತು ಮನೆಗೆ ಫೋನ್ ಮಾಡಿ. ‘ಅಜ್ಜಿ, ಹಿಂದೆ ಏನೇನು ಬೆಳೀತಿದ್ರಿ?’ ಅಂತ ಕೇಳಿ, ಒಂದೊಂದೇ ಹೆಸರು ಬರ್ಕೊಳ್ಳಿ. ನಡುವೆ ಅವರು ‘ಇನ್ನೂ ಏನೇನೋ ಇತ್ತು ಬಿಡಪ್ಪ’ ಅಂದ್ರೆ, ಬಿಡಬೇಡಿ.

ಮುಂದಿನ ವಾರ ಸಿಗೋಣ.