ಬೀಜ ಆರಿಸುವ ಯಂತ್ರದ ಕಣ್ಣು
(ತೋಟ ಕಾರ್ಮಿಕರ ಕೂಟದಲ್ಲಿ ಮಾಡಿದ ಭಾಷಣ)



ಕಾಫಿ ಕ್ಯೂರಿಂಗ್ ವರ್ಕ್ಸಿಗೆ ಹೋಗುವ ನಮ್ಮ ಹೆಣ್ಣುಮಕ್ಕಳು ಕೇಳುವ ಪ್ರಶ್ನೆ ಒಂದೇ: "ಕಲರ್ ಸಾರ್ಟರ್ ಬಂದರೆ ನಮ್ಮನ್ನು ಮನೆಗೆ ಕಳಿಸುತ್ತಾರಾ?" ಆ ಯಂತ್ರ ಏನು ಮಾಡುತ್ತದೆ, ಏನು ಮಾಡಲಾರದು ಎಂದು ತಿಳಿಯದೆ ಮಾತುಕತೆಗೆ ಕುಳಿತರೆ ಆಡಳಿತ ವರ್ಗದವರು ಹೇಳಿದ್ದೇ ಕೊನೆಯ ಮಾತಾಗುತ್ತದೆ. ಆದ್ದರಿಂದ ಮೊದಲು ಯಂತ್ರವನ್ನು ನೋಡೋಣ.

ಮೇಲೆ ಬೀಜ ಸುರಿಯುವ ತೊಟ್ಟಿ; ಅದರ ಕೆಳಗೆ ನಡುಗುವ ತಟ್ಟೆ. ಅಲ್ಲಿಂದ ಬೀಜಗಳು ಇಳಿಜಾರಿನಲ್ಲಿ ಜಾರಿ ಕೆಳಕ್ಕೆ ಬೀಳುತ್ತವೆ. ಬೀಳುವಾಗಲೇ ಪ್ರಖರ ಬೆಳಕಿನಲ್ಲಿ ಕ್ಯಾಮರಾ ಅವನ್ನು ನೋಡುತ್ತದೆ. ಸ್ಟುಡಿಯೋದವರಂತೆ ಇಡೀ ಫೋಟೋ ತೆಗೆಯುವುದಿಲ್ಲ. ಒಂದೊಂದೇ ಗೆರೆಯಾಗಿ ನೋಡಿ, ಗೆರೆಗಳನ್ನು ಕಂಪ್ಯೂಟರು ಜೋಡಿಸಿಕೊಳ್ಳುತ್ತದೆ. ಬೆಳಕನ್ನು ವಿದ್ಯುತ್ತಾಗಿಸುವ ಸಿ.ಸಿ.ಡಿ. ಎಂಬ ಸಣ್ಣ ಬಿಲ್ಲೆಯನ್ನು 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ವಿಲ್ಲರ್ಡ್ ಬಾಯ್ಲ್, ಜಾರ್ಜ್ ಸ್ಮಿತ್ ಎಂಬವರು ಕಂಡುಹಿಡಿದರು. 2009ರಲ್ಲಿ ಅವರಿಗೆ ನೊಬೆಲ್ ಬಹುಮಾನವೂ ಬಂತು. ಇಂಥ ಕ್ಯಾಮರಾಗಳು ಬೆಳೆದದ್ದು ಆ ಬಿಲ್ಲೆಯಿಂದ.

ಕಂಪ್ಯೂಟರಿಗೆ ಬೀಜವೆಂದರೆ ಬರೀ ಅಂಕಿ. ಇಷ್ಟು ಅಂಕಿಗಿಂತ ಕಪ್ಪಾದರೆ ಕೆಟ್ಟದ್ದು ಎಂದು ಮೊದಲೇ ಗೊತ್ತುಮಾಡಿರುತ್ತಾರೆ. ಅಂಥದು ಕಂಡೊಡನೆ ಕೆಳಗಿನ ಸಣ್ಣ ಕೊಳವೆಯಿಂದ ಗಾಳಿ ಟಪ್ಪೆಂದು ಹೊಡೆದು ಬೀಜವನ್ನು ಪಕ್ಕಕ್ಕೆ ಹಾರಿಸುತ್ತದೆ. ಬೀಜ ಸೆಕೆಂಡಿಗೆ 3 ಮೀಟರು ವೇಗದಲ್ಲಿ ಬೀಳುತ್ತಿದ್ದು, ಕೊಳವೆ 5 ಸೆಂಟಿಮೀಟರು ಕೆಳಗಿದ್ದರೆ, ತೀರ್ಮಾನಕ್ಕೆ ಸಿಗುವ ಹೊತ್ತು ಒಂದು ಸೆಕೆಂಡಿನ 60ರಲ್ಲಿ ಒಂದು ಪಾಲು! ವೇಗದಲ್ಲಿ ನಮ್ಮ ಕೈ ಅದಕ್ಕೆ ಸಾಟಿಯಲ್ಲ, ಒಪ್ಪಿಕೊಳ್ಳೋಣ. ದಿನವಿಡೀ ತಲೆ ಬಗ್ಗಿಸಿ, ಧೂಳು ಕುಡಿದು ಬೀಜ ಆರಿಸುವುದು ಸುಖದ ಕೆಲಸವೆಂದು ನಾನಂತೂ ಹೇಳಲಾರೆ.

ಆದರೆ ವೇಗವೇ ಬೇರೆ, ತಿಳಿವಳಿಕೆಯೇ ಬೇರೆ. ಕಾಯಿಕೊರಕ ಹುಳು ಭಾರತದಲ್ಲಿ ಮೊದಲು ಕಂಡದ್ದು 1990ರಲ್ಲಿ, ನಮ್ಮ ನೀಲಗಿರಿಯ ಗೂಡಲೂರಿನಲ್ಲಿ. ಅದು ಕೊರೆದ ತೂತು ಗುಂಡುಸೂಜಿ ಚುಚ್ಚಿದಷ್ಟೇ. ಒಂದೇ ಬದಿಯಿಂದ ನೋಡುವ ಕ್ಯಾಮರಾಕ್ಕೆ ಹಿಂಬದಿಯ ತೂತು ಕಾಣದು. ಅದಕ್ಕೇ ಎರಡೂ ಕಡೆ ಕ್ಯಾಮರಾ ಇಡುತ್ತಾರೆ. ಗಾಜಿಗೆ ಧೂಳು ಹಿಡಿದರೆ ಒಳ್ಳೆಯ ಬೀಜವೂ ಮಂಕಾಗಿ ಕಾಣುತ್ತದೆ. ಕೊಳೆತು ನಾರುವ ಬೀಜವನ್ನು ಅಕ್ಕ ಮೂಗಿನಿಂದ ಹಿಡಿಯುತ್ತಾಳೆ, ಕ್ಯಾಮರಾಕ್ಕೆ ಮೂಗಿಲ್ಲ. ಅಂಕಿಯನ್ನು ಬಿಗಿ ಮಾಡಿದರೆ ಕೆಟ್ಟದ್ದರ ಜೊತೆ ಒಳ್ಳೆಯದೂ ಹಾರಿಹೋಗುತ್ತದೆ, ಸಡಿಲ ಬಿಟ್ಟರೆ ಕಪ್ಪು ಬೀಜ ಉಳಿದುಬಿಡುತ್ತದೆ. ಹಾಗಾಗಿ ಯಂತ್ರ ತಳ್ಳಿದ್ದನ್ನೂ ಬಿಟ್ಟದ್ದನ್ನೂ ಮತ್ತೆ ಕೈಯಿಂದ ನೋಡಲೇಬೇಕು.

ಇನ್ನೊಂದು ಸಂಗತಿ. ಯಂತ್ರಕ್ಕೆ ಪಾಠ ಹೇಳಲು ಒಂದು ತಟ್ಟೆ ಒಳ್ಳೆಯ ಬೀಜ, ಒಂದು ತಟ್ಟೆ ಕೆಟ್ಟ ಬೀಜ ಬೇಕು. ಈಚಿನ, ತಾನೇ ಕಲಿಯುವ ಯಂತ್ರಗಳಿಗಾದರೆ ಇದು ಕೆಟ್ಟದ್ದು, ಇದು ಒಳ್ಳೆಯದು ಎಂದು ಗುರುತು ಹಾಕಿದ ರಾಶಿ ರಾಶಿ ಚಿತ್ರಗಳು ಬೇಕು. ಆ ತಟ್ಟೆಗಳನ್ನು ಸರಿಯಾಗಿ ಆರಿಸಿ ಕೊಡಬಲ್ಲವರು ಯಾರು? ಇಪ್ಪತ್ತು ವರ್ಷ ಬೀಜ ಆರಿಸಿದ ನಮ್ಮ ಅಕ್ಕಂದಿರೇ. ಈ ಕೆಲಸಕ್ಕೆ ಹಾಜರಿ ಪುಸ್ತಕದಲ್ಲಿ ಒಂದು ಹೆಸರು, ಒಂದು ದರ ಬೇಕೆಂಬುದು ನನ್ನ ಅಭಿಪ್ರಾಯ.

ಕೂಲಿಯ ಲೆಕ್ಕವನ್ನೂ ಗಮನಿಸಿ. ಹೆಕ್ಕಿದ ಕೆಟ್ಟ ಬೀಜದ ತೂಕಕ್ಕೆ ಕೂಲಿ ಕೊಡುವ ಕಡೆ, ಯಂತ್ರ ಸುಲಭದ್ದನ್ನೆಲ್ಲ ತೆಗೆದ ಮೇಲೆ ಉಳಿಯುವುದು ಕಷ್ಟದ್ದು, ಅದೂ ಸ್ವಲ್ಪ. ಕಣ್ಣಿಗೆ ಕೆಲಸ ಹೆಚ್ಚು, ತಕ್ಕಡಿಯಲ್ಲಿ ತೂಕ ಕಡಮೆ. ಅಲ್ಲಿ ದಿನಗೂಲಿಯನ್ನೇ ಕೇಳಬೇಕು.

ಕೆಲಸಗಾರರ ಸಂಖ್ಯೆ ಕಡಮೆಯಾಗುವಂಥ ಯಂತ್ರ ತರುವುದಾದರೆ 21 ದಿನ ಮುಂಚಿತವಾಗಿ ನೋಟೀಸು ಕೊಡಬೇಕೆಂದು 1947ರ ಕೈಗಾರಿಕಾ ವಿವಾದಗಳ ಕಾಯಿದೆಯಲ್ಲಿತ್ತು. ಅದರ ಜಾಗಕ್ಕೆ ಬಂದ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಈ ನಿಯಮ ಉಳಿದಿದೆ. ಯಂತ್ರ ಲಾರಿಯಿಂದ ಇಳಿದ ಮೇಲೆ ಕೂಗುವುದಕ್ಕಿಂತ ಆ ನೋಟೀಸನ್ನು ಈಗಲೇ ಬರವಣಿಗೆಯಲ್ಲಿ ಕೇಳೋಣ. ಆರಿಸುವ ಕೆಲಸದಲ್ಲಿರುವ ಅಕ್ಕಂದಿರು ತಮ್ಮ ಕೂಲಿ ಚೀಟಿಗಳನ್ನು ಮುಂದಿನ ಸಭೆಗೆ ತನ್ನಿ; ಯಂತ್ರ ಬರುವ ಮೊದಲಿನ ತೂಕವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡೋಣ.