ತವರಿನ ಕಡೆಯೂ ಕೇಳಿ

ಕುಷ್ಟಗಿ, ಹನುಮಸಾಗರ, ತಾವರಗೇರಾ ಕಡೆಯಿಂದ ಬರುವ ಪ್ರಶ್ನೆ ಒಂದೇ: “ಮಗನಿಗೆ ಕುಸುಮ ರೋಗ ಅಂದರು. ನಮ್ಮ ಮನೆತನದಾಗ ಯಾರಿಗೂ ಇರಲಿಲ್ಲ. ಎಲ್ಲಿಂದ ಬಂತು? ಮಗಳ ಗತಿ ಏನು?”

ಮನೆತನ ಎಂದು ನೀವು ಎಣಿಸಿದ್ದು ಅಪ್ಪ, ಅಜ್ಜ, ಮುತ್ತಜ್ಜರನ್ನು. ಕುಸುಮ ರೋಗ, ಅಂದರೆ ಹಿಮೋಫಿಲಿಯಾ, ಅಪ್ಪನಿಂದ ಮಗನಿಗೆ ಬರುವುದಿಲ್ಲ. ರಕ್ತ ಹೆಪ್ಪುಗಟ್ಟಲು ಬೇಕಾದ ಎಂಟನೆಯ, ಒಂಬತ್ತನೆಯ ಫ್ಯಾಕ್ಟರುಗಳ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡುಮಗನಿಗೆ ಅದು ಸಿಗುವುದು ತಾಯಿಯಿಂದ. ತಾಯಿಗೆ ಎರಡು ಎಕ್ಸ್. ಒಂದು ಕೆಟ್ಟರೂ ಇನ್ನೊಂದು ನಡೆಸಿಕೊಂಡು ಹೋಗುತ್ತದೆ, ಎಷ್ಟೋ ಸಲ ಆಕೆಗೆ ಸುಳಿವೇ ಇರುವುದಿಲ್ಲ. ಅಂಥ ತಾಯಿಯ ಪ್ರತಿ ಗಂಡುಮಗುವಿಗೂ ರೋಗ ಬರುವ ಸಂಭವ ಅರ್ಧಕ್ಕರ್ಧ. ಪ್ರತಿ ಹೆಣ್ಣುಮಗು ತಾಯಿಯಂತೆ ವಾಹಕಳಾಗುವ ಸಂಭವವೂ ಅಷ್ಟೇ.

ಇನ್ನೊಮ್ಮೆ ಹೇಳುತ್ತೇನೆ. ಹೆಣ್ಣುಮಕ್ಕಳನ್ನು ಕೊಟ್ಟ ಕಡೆಗೆಲ್ಲ ಇದು ಹೋಗಬಹುದು; ಊರೂ ಬೇರೆ, ಅಡ್ಡಹೆಸರೂ ಬೇರೆ. ಯಲಬುರ್ಗಾಕ್ಕೆ ಕೊಟ್ಟ ಚಿಕ್ಕವ್ವನ ಮಗನಲ್ಲಿ, ಇಳಕಲ್ಲಿಗೆ ಕೊಟ್ಟ ದೊಡ್ಡವ್ವನ ಮೊಮ್ಮಗನಲ್ಲಿ ಕಾಣಿಸಬಹುದು. ಆದ್ದರಿಂದ ತಾಯಿಯ ತವರನ್ನು ಕೇಳಿ, ಅಜ್ಜಿಯ ತವರನ್ನು ಕೇಳಿ. ಫಿಲಡೆಲ್ಫಿಯಾದ ವೈದ್ಯ ಜಾನ್ ಕಾನ್ರಾಡ್ ಆಟೊ 1803ರಲ್ಲಿ ಬರೆದದ್ದೂ ಇದನ್ನೇ: ಗಂಡಸರಿಗೆ ರಕ್ತ ನಿಲ್ಲುವುದಿಲ್ಲ, ದಾಟಿಸುವವರು ಹೆಣ್ಣುಮಕ್ಕಳು. ಆತನ ಕೈಯಲ್ಲಿ ಪ್ರಯೋಗಾಲಯದ ಪರೀಕ್ಷೆ ಇರಲಿಲ್ಲ, ಒಂದು ಕುಟುಂಬದ ಕಥೆ ಇತ್ತು.

“ಯಾರಿಗಾದರೂ ಕುಸುಮ ರೋಗ ಇತ್ತೇ?” ಎಂದು ಕೇಳಬೇಡಿ, ಆ ಹೆಸರು ಹಿರಿಯರಿಗೆ ಗೊತ್ತಿಲ್ಲ. ಹಲ್ಲು ಕೀಳಿಸಿಕೊಂಡು ರಕ್ತ ನಿಲ್ಲದೆ ಹೋದ ಸೋದರಮಾವ ಇದ್ದನೇ? ಮೇಲಿಂದ ಮೇಲೆ ಮೊಣಕಾಲು ಬಾತು ಕುಂಟಾದವನು? ವಾತ ಎಂದು ಬರೆ ಹಾಕಿಸಿದ್ದರೇ? ನಾನು ಹೋದ ಮನೆಗಳಲ್ಲಿ ಕಟ್ಟೆಯ ಮೇಲಿನ ಗಂಡಸರು “ಯಾರೂ ಇಲ್ಲರೀ” ಎಂದು ಮುಗಿಸುತ್ತಿದ್ದರು. ಅಡುಗೆಮನೆಯಲ್ಲಿದ್ದ ಅಜ್ಜಿಯನ್ನು ಕೇಳಿದರೆ ಇಬ್ಬರು ಮೂವರ ಹೆಸರು ಬರುತ್ತಿತ್ತು.

ಸೊಸೆಯ ಕಾಲ್ಗುಣ ಎಂಬ ಮಾತನ್ನು ದಯವಿಟ್ಟು ಬಿಡಿ, ಅದು ಕ್ರೂರ. ಸುಮಾರು ಮೂರರಲ್ಲಿ ಒಂದು ಪಾಲು ಮನೆಗಳಲ್ಲಿ ಹಿಂದೆ ಯಾರಿಗೂ ಇರುವುದೇ ಇಲ್ಲ, ವಂಶವಾಹಿ ಹೊಸದಾಗಿ ಕೆಟ್ಟಿರುತ್ತದೆ. ಸೋದರಿಕೆಯ ಮದುವೆಯಿಂದಲೇ ಬಂತು ಎನ್ನುವುದೂ ಇಲ್ಲಿ ಸಲ್ಲದು.

ಸಮಯ ಆಗುತ್ತಾ ಬಂತು, ಇನ್ನು ಮಗಳ ಗತಿಯ ಪ್ರಶ್ನೆ. ಮಗಳ ಫ್ಯಾಕ್ಟರ್ ಪ್ರಮಾಣ ಸರಿಯಿದ್ದರೂ ಆಕೆ ವಾಹಕಳಲ್ಲ ಎನ್ನಲಾಗದು, ವಂಶವಾಹಿ ಪರೀಕ್ಷೆಯೇ ಬೇಕು. ಮೊದಲು ರೋಗವಿರುವ ಹುಡುಗನದು ಆದರೆ ದಾರಿ ಸುಲಭ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯವರನ್ನು ವಿಚಾರಿಸಿ. ಮಗಳು ಬಸುರಿಯಾದರೆ ಹೆರಿಗೆಗೆ ಮುಂಚೆಯೇ ವೈದ್ಯರಿಗೆ ತಿಳಿಸಿ. ಹುಟ್ಟಿದ ಗಂಡುಮಗುವಿಗೆ ಪರೀಕ್ಷೆಯಾಗುವ ತನಕ ಕಿವಿ ಚುಚ್ಚಿಸಬೇಡಿ.