ಸೈನಿಕ ಶಾಲೆಯಲ್ಲಿ ಕಲಿತದ್ದು

ನಮ್ಮೂರು ಹೊನ್ನಾವರ ತಾಲೂಕಿನ ಕಾಸರಕೋಡ. ಶರಾವತಿ ಕಡಲು ಸೇರುವೆಡೆಯಲ್ಲಿರುವ ಊರು. ಈಚೆಗೆ ಅಲ್ಲಿಯ ತಾಯಿಯೊಬ್ಬರು, “ಮಾಸ್ತರ್ರೇ, ಮಗಳು ಸೈನಿಕ ಶಾಲೆ ಪರೀಕ್ಷೆ ಪಾಸಾಗಿದ್ದಾಳೆ. ಕಳಿಸ್ಲಾ, ಬೇಡ್ವಾ?” ಎಂದು ಕೇಳಿದರು. ಅಂಥ ಶಾಲೆಯಲ್ಲಿ ಏಳು ವರ್ಷ ಓದಿಯೂ ಸೈನಿಕನಾಗದೆ ಕನ್ನಡ ಪಂಡಿತನಾದವನು ನಾನು. ಅವರಿಗೆ ಹೇಳಿದ್ದನ್ನೇ ತಮ್ಮ ಮುಂದೆಯೂ ಇಡುತ್ತೇನೆ.

ಎಲ್ಲ ಪ್ರಾಂತಗಳ, ಎಲ್ಲ ವರ್ಗಗಳ ಮಕ್ಕಳೂ ಸೇನಾಧಿಕಾರಿಗಳಾಗಲೆಂದು 1961ರಲ್ಲಿ ದೇಶದಲ್ಲಿ ಸೈನಿಕ ಶಾಲೆಗಳು ಆರಂಭವಾದವು. ನಮ್ಮ ನಾಡಿನ ಮೊದಲನೆಯದು 1963ರಲ್ಲಿ ವಿಜಾಪುರದಲ್ಲಿ, ಎಂದರೆ ಇಂದಿನ ವಿಜಯಪುರದಲ್ಲಿ, ತೆರೆಯಿತು. ಎರಡನೆಯದು 2007ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಬಂತು. 2021ರಿಂದ ಎಲ್ಲ ಸೈನಿಕ ಶಾಲೆಗಳ ಬಾಗಿಲೂ ಹೆಣ್ಣುಮಕ್ಕಳಿಗೆ ತೆರೆದಿದೆ.

1981ರಲ್ಲಿ ತಂದೆಯವರು ನನ್ನನ್ನು ವಿಜಾಪುರಕ್ಕೆ ಕರೆದೊಯ್ದರು. ತಗಡಿನ ಟ್ರಂಕಿನೊಡನೆ ಘಟ್ಟ ಹತ್ತಿ, ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ತಲುಪಿದೆವು. ಮೀನುಸಾರು, ಕುಚ್ಚಲಕ್ಕಿ ಅನ್ನ ಬಲ್ಲ ಹುಡುಗನಿಗೆ ಅಲ್ಲಿಯ ಬಯಲೂ ಒಣಗಾಳಿಯೂ ಪರದೇಶವೇ. ನಸುಕಿನಲ್ಲಿ ಓಟ, ಕವಾಯತು. ಹಾಸಿಗೆಯಲ್ಲಿ ಒಂದು ಸುಕ್ಕೂ ಇರಬಾರದು. ಪಾಠವೆಲ್ಲ ಇಂಗ್ಲಿಷಿನಲ್ಲಿ. ಕನ್ನಡದ ಅವಧಿ ಬಂದಾಗ ಮಾತ್ರ ಮನೆಗೆ ಹೋಗಿಬಂದಂತಾಗುತ್ತಿತ್ತು. ಕನ್ನಡವನ್ನು ನಾನು ಹಿಡಿದದ್ದು ಆ ಹಂಬಲದಿಂದ.

ತಂದೆಯವರು ಊರಿಗೆಲ್ಲ “ಮಗ ಸಾಹೇಬನಾಗುತ್ತಾನೆ” ಎಂದು ಹೇಳಿಕೊಂಡಿದ್ದರು. ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ ಲಿಖಿತ ಪರೀಕ್ಷೆ ದಾಟಿದೆ, ಸಂದರ್ಶನವನ್ನೂ ದಾಟಿದೆ. ವೈದ್ಯಕೀಯ ತಪಾಸಣೆಯಲ್ಲಿ ಕೆಂಪು-ಹಸಿರುಗಳ ಭೇದ ನನ್ನ ಕಣ್ಣಿಗೆ ಸರಿಯಾಗಿ ತಿಳಿಯದೆಂದು ಗೊತ್ತಾಯಿತು. ರಾತ್ರಿ ಹೊತ್ತು ತಲೆ ತಗ್ಗಿಸಿ ಮನೆಗೆ ಬಂದೆ. ತಂದೆಯವರು, “ಬಂದ್ಯಾ? ಮೊದಲು ಊಟ ಮಾಡು” ಎಂದರು. ಆ ವಿಷಯ ಮತ್ತೆಂದೂ ಎತ್ತಲಿಲ್ಲ.

ಆ ಶಾಲೆಯಿಂದ ನನಗೆ ಉಳಿದದ್ದೇನು? ಹೇಳಿದ ವೇಳೆಗೆ ಹಾಜರಿರುವುದು, ನನ್ನ ಕೆಲಸ ನಾನೇ ಮಾಡಿಕೊಳ್ಳುವುದು, ಕಿರಿಯನಿಗೆ ಬಡಿಸಿದ ಮೇಲೆ ಉಣ್ಣುವುದು. ಇವು ಇಂದಿಗೂ ಬಿಟ್ಟಿಲ್ಲ. ಆದರೆ ಕವಾಯತಿನ ದನಿಯನ್ನೂ ತಂದಿದ್ದೆ. ಮಾಸ್ತರನಾದ ಹೊಸದರಲ್ಲಿ, ತಡವಾಗಿ ಬಂದ ಹುಡುಗನೊಬ್ಬನನ್ನು ಹೊರಗೆ ನಿಲ್ಲಿಸಿದೆ. ಅವನು ಮಾತಾಡದೆ ನಿಂತ. ನಸುಕಿನಿಂದ ತಂದೆಯೊಡನೆ ಬಲೆ ಎಳೆದು, ಮೈ ತೊಳೆದು, ಓಡಿ ಬಂದಿದ್ದನೆಂದು ಆಮೇಲೆ ತಿಳಿಯಿತು. ನನ್ನ ಶಿಸ್ತಿಗಿಂತ ಅವನದು ದೊಡ್ಡದಾಗಿತ್ತು. ಅಂದಿನಿಂದ ಕಾರಣ ಕೇಳದೆ ಯಾರನ್ನೂ ದಂಡಿಸಿಲ್ಲ.

ಆ ತಾಯಿಗೆ ಹೇಳಿದೆ: “ಮಗಳಿಗೆ ಮನಸ್ಸಿದ್ದರೆ ಕಳಿಸಿ, ತಾಯೀ. ವಾರಕ್ಕೊಂದು ಕಾಗದ ಕನ್ನಡದಲ್ಲಿ ಬರೆಯಿರಿ. ಅಧಿಕಾರಿಯಾದರೆ ಸಂತೋಷ. ಆಗದೆ ಬಂದರೆ ಮೊದಲು ಊಟಕ್ಕೆ ಬಡಿಸಿ.”